ಈ ಮಣ್ಣು ನನಗೆ ಗೊತ್ತಿಲ್ಲ

ಹೋದ ಮಳೆಗಾಲದಲ್ಲಿ ಅಮ್ಮ ಪುಣೆಗೆ ಬಂದಿದ್ದಾಗ ನಮ್ಮ ಸೊಸೈಟಿಯ ಹುಲ್ಲುಹಾಸಿನಲ್ಲಿ ಅಂಗೈ ಅಗಲದ ಬಿಳಿ ಅಣಬೆಗಳು ಎದ್ದಿದ್ದವು. ಅವಳನ್ನು ಎಳೆದುಕೊಂಡು ಹೋಗಿ, "ನೋಡಮ್ಮಾ, ಹೆಗ್ಗಾಲಣಬೆ!" ಎಂದೆ. ಅಮ್ಮ ಬಗ್ಗಿ ನೋಡಿದಳು, ಮುಟ್ಟಲಿಲ್ಲ. "ಇದ್ರೂ ಇರಬಹುದು. ಈ ಮಣ್ಣು ನನಗೆ ಗೊತ್ತಿಲ್ಲ ಮಾರಾಯ್ತಿ" ಎಂದು ಲಿಫ್ಟಿನ ಕಡೆ ನಡೆದಳು.

ತೀರ್ಥಹಳ್ಳಿ ಕಡೆಯ ನಮ್ಮೂರಿನಲ್ಲಿ ಇವಳೇ ಕಂಬಳಿಕೊಪ್ಪೆ ಹಾಕಿಕೊಂಡು, ಇಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ನೀರು ಸವರಿಕೊಂಡು, ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತುತ್ತಿದ್ದವಳು. ನಾನು ಬುಟ್ಟಿ ಹೊತ್ತು ಹಿಂದೆ. ಅವಳು ಅಣಬೆ ಹುಡುಕುತ್ತಿರಲಿಲ್ಲ, ಹುತ್ತಗಳನ್ನು ನೆನಪಿಟ್ಟುಕೊಂಡಿದ್ದಳು. ಗುಡುಗು ಬಂದ ಎಷ್ಟನೇ ದಿನಕ್ಕೆ ಯಾವ ಹುತ್ತದ ಬಳಿ ಹೋಗಬೇಕು ಎಂಬ ಲೆಕ್ಕ ಅವಳ ತಲೆಯಲ್ಲಿತ್ತು. ಪಕ್ಕದ ಮನೆಯವರಿಗೂ ಆ ಜಾಗ ಹೇಳುತ್ತಿರಲಿಲ್ಲ, ಅದು ಬೇರೆ ಮಾತು.

ಪತ್ರಿಕೆಗಳು ಕೋಚಿಂಗ್ ಸೆಂಟರುಗಳು "ನಾಯಿಕೊಡೆಗಳಂತೆ" ತಲೆಯೆತ್ತಿವೆ ಎಂದು ಬರೆದಾಗಲೆಲ್ಲ ನನಗೆ ನಗು. ಹೆಗ್ಗಾಲಣಬೆ ಎಲ್ಲೆಂದರಲ್ಲಿ ಏಳುವುದಿಲ್ಲ. ಗೆದ್ದಲುಗಳು ಹುತ್ತದೊಳಗೆ ಕೃಷಿ ಮಾಡಿ ಸಾಕುವ ಶಿಲೀಂಧ್ರ ಅದು. ಗೆದ್ದಲಿಲ್ಲದೆ ಮನುಷ್ಯರು ಅದನ್ನು ಬೆಳೆಯಲು ಇನ್ನೂ ಆಗಿಲ್ಲ. ತೆಲುಗಿನವರ ಪುಟ್ಟಗೊಡುಗು, ಅಂದರೆ ಹುತ್ತದ ಕೊಡೆ, ನಮ್ಮ ನಾಯಿಕೊಡೆಗಿಂತ ಹೆಚ್ಚು ತಿಳಿದ ಪದ.

ಭಾಷಾಶಾಸ್ತ್ರದ ಎಂ.ಎ. ಓದುವಾಗ ಅಮ್ಮನನ್ನು ಕೂರಿಸಿಕೊಂಡು ಅಣಬೆಯ ಹೆಸರುಗಳನ್ನೆಲ್ಲ ರೆಕಾರ್ಡ್ ಮಾಡಿದ್ದೆ. ಹೆಗ್ಗಾಲಣಬೆ, ಕಲ್ಲಣಬೆ, ನುಚ್ಚಣಬೆ, ಪ್ರತಿಯೊಂದರ ಮುಂದೆ ಬಣ್ಣ, ಕಾಲ, ಜಾಗ. ಒಳ್ಳೆಯ ಅಂಕ ಬಂತು. ಒಂದು ಜ್ಞಾನವನ್ನು ಉಳಿಸಿದೆ ಎಂಬ ಹಮ್ಮೂ ಬಂತು. ಮುಂದಿನ ಮಳೆಗಾಲದಲ್ಲಿ ಆ ಪಟ್ಟಿ ನೆಚ್ಚಿಕೊಂಡು ಒಬ್ಬಳೇ ಹೋಗಿ ಬುಟ್ಟಿ ತುಂಬಾ ತಂದೆ. ಅಮ್ಮ ಎರಡನ್ನು ಎತ್ತಿ ಮೂಸಿದಳು, ಇಡೀ ಬುಟ್ಟಿಯನ್ನು ಗೊಬ್ಬರದ ಗುಂಡಿಗೆ ಸುರಿದಳು. ಒಳ್ಳೆಯವನ್ನಾದರೂ ಆರಿಸು ಎಂದರೆ, "ಒಂದು ಕೆಟ್ಟದಿದ್ರೆ ಬುಟ್ಟಿಯೇ ಕೆಟ್ಟದು" ಎಂದಳು.

ಪದಗಳನ್ನು ದಾಖಲಿಸಿದರೆ ತಿಳಿವಳಿಕೆ ಉಳಿಯುತ್ತದೆ ಎಂಬ ನಮ್ಮಂಥವರ ನಂಬಿಕೆಯ ಮೇಲೆ ನನಗೆ ಅಂದಿನಿಂದ ಅನುಮಾನ. ಕೋಶ ಬೇಡ ಎನ್ನುತ್ತಿಲ್ಲ. ನನ್ನ ಅನ್ನ ಅದರಲ್ಲೇ ಇದೆ. ಆದರೆ ಕಣ್ಣಿಲ್ಲದವರ ಕೈಗೆ ಹೆಸರು ಕೊಟ್ಟರೆ ಧೈರ್ಯ ಮಾತ್ರ ಬರುತ್ತದೆ. ಕ್ಯಾಲಿಫೋರ್ನಿಯಾಕ್ಕೆ ವಲಸೆ ಹೋದ ಆಗ್ನೇಯ ಏಷ್ಯಾದವರಲ್ಲಿ ಹಲವರು ಊರಿನಲ್ಲಿ ತಿನ್ನುತ್ತಿದ್ದ ಭತ್ತದ ಹುಲ್ಲಿನ ಅಣಬೆಯೇ ಇದು ಎಂದುಕೊಂಡು ಡೆತ್ ಕ್ಯಾಪ್ ತಿಂದು ಆಸ್ಪತ್ರೆ ಸೇರಿದ್ದಾರೆ, ಸತ್ತಿದ್ದಾರೆ. ಅವರು ಅಜ್ಞಾನಿಗಳಲ್ಲ, ಬೇರೆ ಮಣ್ಣಿನ ಜ್ಞಾನಿಗಳು. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಂತಿ ಶುರುವಾಗುವುದೇ ಸಾಮಾನ್ಯವಾಗಿ 6ರಿಂದ 12 ಗಂಟೆ ಕಳೆದ ಮೇಲೆ. ಬೆಳ್ಳಿ ನಾಣ್ಯ, ಬೆಳ್ಳುಳ್ಳಿ ಕಪ್ಪಾಗುವ ಪರೀಕ್ಷೆಗಳೆಲ್ಲ ಸುಳ್ಳು. ಫೋಟೊ ನೋಡಿ ಹೆಸರು ಹೇಳುವ ಆ್ಯಪುಗಳನ್ನು ನಂಬಿ ಒಲೆ ಹಚ್ಚುವುದೂ ಅಷ್ಟೇ ಅಪಾಯ. ನಮ್ಮ ಸೊಸೈಟಿಯಂಥ ಹುಲ್ಲುಹಾಸುಗಳಲ್ಲಿ ಏಳುವ, ಕರುಳು ಕೆಡಿಸುವ ಬಿಳಿ ಕೊಡೆಯೊಂದು ನಮ್ಮ ದೇಶದಲ್ಲೂ ಇದೆ. ನೋಡಲು ತಿನ್ನುವ ಅಣಬೆಯಂತೆಯೇ.

ಹಾಗಾದರೆ ಕಣ್ಣು ಬರುವುದು ಹೇಗೆ? ಹಿಂದೆ ನಡೆದು, ಅದೂ ಮಳೆಗಾಲದಲ್ಲಿ. ಇಲ್ಲಿಯೇ ನಾವು ಹೊರನಾಡಿನವರು ಸೋತಿರುವುದು. ನಾವು ಊರಿಗೆ ಹೋಗುವುದು ಮೇನಲ್ಲಿ, ದೀಪಾವಳಿಗೆ, ಡಿಸೆಂಬರಿನಲ್ಲಿ. ಮಕ್ಕಳಿಗೆ ಮಾವಿನಹಣ್ಣು ಗೊತ್ತು, ಅಜ್ಜಿಮನೆಯ ಜಗಲಿ ಗೊತ್ತು. ಜೂನ್, ಜುಲೈನ ಊರು ಅವರ ಪಾಲಿಗೆ ಇಲ್ಲವೇ ಇಲ್ಲ, ಯಾಕೆಂದರೆ ಶಾಲೆ ಶುರುವಾಗಿರುತ್ತದೆ. ಅಣಬೆ ತಿಳಿದವರ ಸಾಲು ತುಂಡಾಗಿದ್ದಕ್ಕೆ ಕಾಡು ಕಡಿದದ್ದು ಒಂದು ಕಾರಣ, ಶಾಲೆಯ ಕ್ಯಾಲೆಂಡರ್ ಇನ್ನೊಂದು ಎಂದು ನನ್ನ ವಾದ. ವರ್ಷಕ್ಕೆ ನಾಲ್ಕು ದಿನದ ಪಾಠ ತಪ್ಪಿದರೆ ಯಾವ ಮಗುವೂ ಹಾಳಾಗುವುದಿಲ್ಲ. ಟೀಚರಿಗೆ ಜ್ವರ ಎಂದು ಬರೆದರೂ ನಡೆಯುತ್ತದೆ, ನಾನು ಬರೆಯುವವಳೇ.

ಈ ಜೂನ್ ಕೊನೆಗೆ ಮಗಳಿಗೂ ನನಗೂ ಟಿಕೆಟ್ ಮಾಡಿಸಿದ್ದೇನೆ. ಅಮ್ಮನಿಗೆ ಮಂಡಿನೋವು. ಗುಡ್ಡ ಹತ್ತೋದು ಆಗೋದಿಲ್ಲ, ದಣಪೆಯಾಚೆ ಇರೋ ಹುತ್ತದ ತನಕ ಬರ್ತೀನಿ ಎಂದಿದ್ದಾಳೆ.