ಟ್ಯಾಲಿ ಕ್ಲೌಡಿಗೆ ಹೋಗಲಿ, ಕೀಲಿ ಅಂಗಡಿಯಲ್ಲೇ ಇರಲಿ

ಕಳೆದ ಆಗಸ್ಟ್‌ನಲ್ಲಿ ನಾನು ಕ್ಲೌಡ್ ಕಂಪ್ಯೂಟಿಂಗ್‌ನ ಒಂದು ಆನ್‌ಲೈನ್ ಕೋರ್ಸ್ ಮುಗಿಸಿ ಸರ್ಟಿಫಿಕೇಟನ್ನ ಲಿಂಕ್ಡ್‌ಇನ್‌ನಲ್ಲಿ ಹಾಕಿದ್ದೆ. ನಿಮ್ಮಲ್ಲಿ ತುಂಬಾ ಜನ ಲೈಕ್ ಮಾಡಿದ್ರಿ, ಥ್ಯಾಂಕ್ಸ್. ಅದಾಗಿ ಸ್ವಲ್ಪ ದಿನಕ್ಕೆ, ಸೆಪ್ಟೆಂಬರ್ 18ಕ್ಕೆ, ದೊಡ್ಡಬಳ್ಳಾಪುರದಿಂದ ಚಿಕ್ಕಪ್ಪ ಫೋನ್ ಮಾಡಿದ್ರು. "ಅಂಗಡಿ ಕಂಪ್ಯೂಟರ್ ಆನ್ ಆಗ್ತಿಲ್ಲ ಕಣಪ್ಪ. ನೀನು ಅದನ್ನೇ ಓದ್ತಿರೋದಲ್ವಾ, ಬಾ ನೋಡು."

ಹೋಗಿ ನೋಡಿದೆ. ಹಾರ್ಡ್ ಡಿಸ್ಕ್ ಸತ್ತಿತ್ತು. ಬ್ಯಾಕಪ್ ಎಲ್ಲಿ ಅಂತ ಕೇಳಿದ್ರೆ ಲೆಕ್ಕ ಬರೆಯೋ ಅಣ್ಣ ಅದೇ ಕಂಪ್ಯೂಟರ್ ಕಡೆ ಕೈ ತೋರಿಸಿದ್ರು. ಸಿ ಡ್ರೈವ್‌ನಲ್ಲಿದ್ದ ಟ್ಯಾಲಿಯ ಬ್ಯಾಕಪ್ ಡಿ ಡ್ರೈವ್‌ನಲ್ಲಿತ್ತು. ಎರಡೂ ಒಂದೇ ಡಿಸ್ಕ್.

ಚಿಕ್ಕಪ್ಪಂದು ನೂಲಿನ ಅಂಗಡಿ. ದೊಡ್ಡಬಳ್ಳಾಪುರ ಅಂದ್ರೆ ಗೊತ್ತಲ್ಲ, ಯಾವ ಬೀದಿಗೆ ಹೋದ್ರೂ ಪವರ್‌ಲೂಮ್ ಸದ್ದು. ಮಗ್ಗದವರು ಬಂದು ನೂಲು ತಗೊಂಡು ಹೋಗ್ತಾರೆ, ಸೀರೆ ಮಾರಾಟ ಆದ ಮೇಲೆ ದುಡ್ಡು ಕೊಡ್ತಾರೆ. ಅಂದ್ರೆ ವ್ಯಾಪಾರ ನಡೆಯೋದೇ ಬಾಕಿ ಮೇಲೆ. ಯಾರದ್ದು ಎಷ್ಟು ಬಾಕಿ ಅನ್ನೋದು ಇದ್ದದ್ದು ಟ್ಯಾಲಿಯಲ್ಲಿ.

ನನಗೆ ಮೊದಲು ಭಯ ಆಗಿದ್ದು ಜಿಎಸ್‌ಟಿ ಬಗ್ಗೆ. 20ನೇ ತಾರೀಕಿಗೆ 3ಬಿ ರಿಟರ್ನ್ ಹಾಕಬೇಕು, ತಡ ಆದ್ರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಕಟ್ಟಬೇಕಾದ ತೆರಿಗೆ ಮೇಲೆ ಶೇ. 18 ಬಡ್ಡಿ. ಆದ್ರೆ ಅದು ಸುಲಭವಾಗೇ ಆಯ್ತು. ಮಾರಾಟದ ವಿವರ ಆಗ್ಲೇ ಪೋರ್ಟಲ್‌ಗೆ ಹೋಗಿತ್ತು, ಖರೀದಿಯ ವಿವರ 2ಬಿಯಲ್ಲಿ ಬಂದಿತ್ತು. ಸರ್ಕಾರಕ್ಕೆ ಕೊಡಬೇಕಾದ ಲೆಕ್ಕ ಸರ್ಕಾರದ ಸರ್ವರ್‌ನಲ್ಲಿ ಕ್ಷೇಮವಾಗಿತ್ತು. ನಮಗೆ ಬರಬೇಕಾದ ದುಡ್ಡಿನ ಲೆಕ್ಕ ಮಾತ್ರ ಸತ್ತ ಡಿಸ್ಕ್‌ನಲ್ಲಿತ್ತು. ಯಾರು ಕ್ಯಾಶ್ ಕೊಟ್ರು, ಯಾರು ಅರ್ಧ ಕೊಟ್ರು ಅನ್ನೋದು ಯಾವ ಪೋರ್ಟಲ್‌ಗೂ ಗೊತ್ತಿರಲ್ಲ.

ಆಡಿಟರ್ ಹತ್ರ ಮಾರ್ಚ್ ಕೊನೆಯ ಬ್ಯಾಕಪ್ ಇತ್ತು. ಅಲ್ಲಿಂದ ಮುಂದಿನ ಐದೂವರೆ ತಿಂಗಳನ್ನ ಬಿಲ್ ಬುಕ್, ಬ್ಯಾಂಕ್ ಸ್ಟೇಟ್‌ಮೆಂಟ್, ಚೀಟಿಗಳನ್ನ ನೋಡ್ಕೊಂಡು ಮತ್ತೆ ಟೈಪ್ ಮಾಡಿದ್ವಿ. ನಾನೂ ಮೂರು ಭಾನುವಾರ ಕೂತೆ. ಆದ್ರೂ ಎಲ್ಲ ಸಿಗಲಿಲ್ಲ. ಒಬ್ಬ ಹಳೇ ಗಿರಾಕಿ, "ಆ ದುಡ್ಡು ನಾನು ಕೊಟ್ಟಾಗಿದೆ" ಅಂದ್ರು. ಕೊಟ್ಟಿದ್ರೋ ಇಲ್ವೋ, ತೋರಿಸೋಕೆ ನಮ್ಮ ಹತ್ರ ಏನೂ ಇರಲಿಲ್ಲ. ಚಿಕ್ಕಪ್ಪ "ಆಯ್ತು ಬಿಡಿ" ಅಂದ್ರು. ಅವರು ಹೋದ ಮೇಲೆ ನನಗೆ ಹೇಳಿದ್ದು: "ದುಡ್ಡು ಹೋದ್ರೆ ಹೋಗ್ಲಿ. ಇನ್ಮೇಲೆ ಅವರು ಅಂಗಡಿಗೆ ಬಂದಾಗೆಲ್ಲ ನನಗೆ ಅನುಮಾನ ಬರುತ್ತಲ್ಲ, ಅದು ಕಷ್ಟ."

ಇಷ್ಟೆಲ್ಲ ಯಾಕೆ ಬರೆದೆ ಅಂದ್ರೆ, ನಮ್ಮಲ್ಲಿ ಕ್ಲೌಡ್ ಅಂದ್ರೆ ಒಂದೋ ಪ್ಲೇಸ್‌ಮೆಂಟ್‌ಗೆ ಬೇಕಾದ ಸಬ್ಜೆಕ್ಟ್, ಇಲ್ಲಾಂದ್ರೆ ನೆಟ್‌ಫ್ಲಿಕ್ಸ್‌ನಂಥ ದೊಡ್ಡ ಕಂಪನಿಗಳ ವಿಷಯ. ನನ್ನ ಅಭಿಪ್ರಾಯ ಬೇರೆ. ದೊಡ್ಡಬಳ್ಳಾಪುರದ ನೂಲಿನ ಅಂಗಡಿಗೆ, ಹೊಸಕೋಟೆಯ ಹಾರ್ಡ್‌ವೇರ್ ಅಂಗಡಿಗೆ, ನೆಲಮಂಗಲದ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಕ್ಲೌಡ್ ಬೇಕು. ಆದ್ರೆ ಈಗ ಅವರಿಗೆ ಅದನ್ನ ಮಾರ್ತಿರೋ ರೀತಿ ಸರಿಯಿಲ್ಲ. ಅದನ್ನ ಸರಿ ಮಾಡೋ ಕೆಲಸ ನಮ್ಮಂಥವರು ಮಾಡಬಹುದು.

ಟ್ಯಾಲಿ ನಮ್ಮ ಬೆಂಗಳೂರಿನದ್ದೇ. 1986ರಲ್ಲಿ ಶ್ಯಾಮ್ ಸುಂದರ್ ಗೋಯೆಂಕಾ, ಅವರ ಮಗ ಭರತ್ ಗೋಯೆಂಕಾ ಶುರು ಮಾಡಿದ ಕಂಪನಿ. ಇವತ್ತು ಅಕೌಂಟ್ಸ್ ಕೆಲಸಕ್ಕೆ ಹೋದ್ರೆ "ಟ್ಯಾಲಿ ಬರುತ್ತಾ?" ಅಂತಾನೇ ಕೇಳೋದು. ಆದ್ರೆ ಅದು ಮೂಲತಃ ವಿಂಡೋಸ್ ಕಂಪ್ಯೂಟರ್‌ನಲ್ಲಿ ಓಡೋ ಸಾಫ್ಟ್‌ವೇರ್. ಜಿಮೇಲ್ ಥರ ಬ್ರೌಸರ್‌ನಲ್ಲಿ ತೆರೆಯೋದಲ್ಲ. ಹಾಗಾಗಿ "ಟ್ಯಾಲಿ ಆನ್ ಕ್ಲೌಡ್" ಅಂದ್ರೆ ಸಾಮಾನ್ಯವಾಗಿ ಇಷ್ಟೇ: ಎಡಬ್ಲ್ಯುಎಸ್‌ನಂಥ ಕಡೆ ಒಂದು ವಿಂಡೋಸ್ ಮಷೀನ್ ಬಾಡಿಗೆಗೆ ತಗೊಂಡು, ಅದರೊಳಗೆ ಟ್ಯಾಲಿ ಹಾಕಿ, ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರ ಪರದೆಯನ್ನ ಅಂಗಡಿಯಲ್ಲಿ ನೋಡೋದು. ಟ್ಯಾಲಿ ಕಂಪನಿಯವರೇ ಎಡಬ್ಲ್ಯುಎಸ್ ಮೇಲೆ ಟ್ಯಾಲಿಪ್ರೈಮ್ ಕೊಡ್ತಾರೆ. ಅದಲ್ಲದೆ ಊರೂರಲ್ಲಿ ಮಧ್ಯದವರು ಇದ್ದಾರೆ.

ಅಂಥ ಒಬ್ಬರು ನಮ್ಮ ಅಂಗಡಿಗೂ ಬಂದ್ರು. "ಸಾರ್, ನೀವು ತಲೆ ಕೆಡಿಸ್ಕೋಬೇಡಿ, ಎಲ್ಲ ನಾವು ನೋಡ್ಕೋತೀವಿ" ಅಂದ್ರು. ಲ್ಯಾಪ್‌ಟಾಪ್‌ನಲ್ಲಿ ಡೆಮೊ ತೋರಿಸುವಾಗ ಒಂದು ಫೋಲ್ಡರ್ ತೆರೀತು. ಅದರಲ್ಲಿ ಬೇರೆ ಬೇರೆ ಅಂಗಡಿಗಳ ಹೆಸರಿನ ಫೋಲ್ಡರ್‌ಗಳು ಸಾಲಾಗಿದ್ವು. ಎರಡು ಹೆಸರು ಚಿಕ್ಕಪ್ಪನಿಗೆ ಪರಿಚಯದ್ದು, ಒಂದು ನಮ್ಮ ಬೀದಿಯದ್ದೇ. ಚಿಕ್ಕಪ್ಪ ಏನೂ ತೋರಿಸಿಕೊಳ್ಳದೆ ಮೂರು ಪ್ರಶ್ನೆ ಕೇಳಿದ್ರು. "ನಮ್ಮ ಲೆಕ್ಕ ಇನ್ಯಾರಾದ್ರೂ ನೋಡಬಹುದಾ? ನಾಳೆ ನಿಮ್ಮನ್ನ ಬಿಟ್ರೆ ಲೆಕ್ಕ ವಾಪಸ್ ಕೊಡ್ತೀರಾ? ನೀವು ಅಂಗಡಿ ಮುಚ್ಚಿದ್ರೆ ನಾನು ಯಾರನ್ನ ಕೇಳ್ಲಿ?" ಒಂದಕ್ಕೂ ನೇರ ಉತ್ತರ ಬರಲಿಲ್ಲ. ನನ್ನ ಕೋರ್ಸ್‌ನ ಕ್ವಿಜ್‌ನಲ್ಲಿ ಇದ್ಯಾವುದನ್ನೂ ಕೇಳಿರಲಿಲ್ಲ.

ಆಗ ನಾನೇ ಮಾಡ್ತೀನಿ ಅಂದೆ. ಮುಂಬೈ ರೀಜನ್‌ನಲ್ಲಿ ಒಂದು ಚಿಕ್ಕ ವಿಂಡೋಸ್ ಸರ್ವರ್ ಎಬ್ಬಿಸಿ, ಅಂಗಡಿಯ ಲೈಸೆನ್ಸ್‌ನಲ್ಲೇ ಟ್ಯಾಲಿ ಹಾಕಿದೆ. ಒಂದು ಸಂಜೆಗೆ ಕೆಲಸ ಮುಗೀತು. ನನ್ನ ಬಗ್ಗೆ ನನಗೇ ಹೆಮ್ಮೆ. ಮಾರನೇ ದಿನ ಸುಮ್ಮನೆ ಈವೆಂಟ್ ವ್ಯೂವರ್ ತೆರೆದು ನೋಡಿದ್ರೆ 4625 ಅನ್ನೋ ನಂಬರ್ ಸಾಲು ಸಾಲು, ಸ್ಕ್ರೋಲ್ ಮಾಡಿದ್ರೂ ಮುಗೀತಿಲ್ಲ. 4625 ಅಂದ್ರೆ ಲಾಗಿನ್ ಮಾಡೋಕೆ ಹೋಗಿ ಸೋತದ್ದು. ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟನ್ನ ನಾನು ಪ್ರಪಂಚಕ್ಕೆಲ್ಲ ತೆರೆದಿಟ್ಟಿದ್ದೆ. ಯಾರ್ಯಾರೋ ರಾತ್ರಿಯೆಲ್ಲ ಪಾಸ್‌ವರ್ಡ್ ಹಾಕಿ ಹಾಕಿ ನೋಡಿದ್ರು. ಪಾಸ್‌ವರ್ಡ್ ಉದ್ದ ಇದ್ದಿದ್ದಕ್ಕೆ ಬಚಾವ್. ರಾನ್ಸಮ್‌ವೇರ್ ಒಳಗೆ ಬರೋ ಮುಖ್ಯ ದಾರಿಗಳಲ್ಲಿ ಇದೂ ಒಂದು. ಡಿಸ್ಕ್ ಸತ್ತು ಹೋದ ಲೆಕ್ಕವನ್ನ ಕಷ್ಟಪಟ್ಟು ಕಟ್ಟಿ, ಕಳ್ಳರ ಮುಂದೆ ಇಟ್ಟು ಬಂದಿದ್ದೆ.

ಆಮೇಲೆ ಅಂಗಡಿಯ ಐಪಿಗೆ ಮಾತ್ರ ಬಾಗಿಲು ತೆರೆದೆ. ಮಾರನೇ ದಿನ ಅಲ್ಲಿ ಕರೆಂಟ್ ಹೋಗಿ ಬಂತು, ರೂಟರ್‌ಗೆ ಹೊಸ ಐಪಿ ಸಿಕ್ತು, ಲೆಕ್ಕದಣ್ಣ ಹೊರಗೇ ಉಳಿದ್ರು. ನಾನು ಲ್ಯಾಬ್‌ನಲ್ಲಿದ್ದಾಗ ಏಳು ಮಿಸ್ಡ್ ಕಾಲ್. ಕೊನೆಗೆ ವಿಪಿಎನ್ ಹಾಕಿ 3389ನ್ನ ಹೊರಗಿನಿಂದ ಪೂರ್ತಿ ಮುಚ್ಚಿದೆ. ಈಗ ಸರಿಯಾಗಿದೆ.

ಇದನ್ನೆಲ್ಲ ಚಿಕ್ಕಪ್ಪನಿಗೆ ಕನ್ನಡದಲ್ಲಿ ಹೇಳೋದೇ ನನಗೆ ದೊಡ್ಡ ಪರೀಕ್ಷೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. "ವರ್ಚುವಲ್ ಇನ್‌ಸ್ಟನ್ಸ್" ಅಂತ ಶುರು ಮಾಡಿ ಹತ್ತು ನಿಮಿಷ ಒದ್ದಾಡಿದೆ. ಚಿಕ್ಕಪ್ಪನೇ, "ಬಾಡಿಗೆ ಮಗ್ಗ ಅನ್ನು" ಅಂದ್ರು. "ಮಗ್ಗ ಅವರದ್ದು, ಶೆಡ್ ಅವರದ್ದು, ಕರೆಂಟ್ ಅವರದ್ದು. ನೂಲು ನಮ್ಮದು, ಸೀರೆ ನಮ್ಮದು. ಓಡಿಸಿದಷ್ಟು ಬಾಡಿಗೆ. ಅಷ್ಟೇ ತಾನೇ?" ಅಷ್ಟೇ. ನಾನು ಓದಿದ ಯಾವ ಡೆಫಿನಿಷನ್‌ಗಿಂತಲೂ ಇದು ಚೆನ್ನಾಗಿದೆ.

ಬಾಡಿಗೆ ಲೆಕ್ಕ ಹಾಕೋದಕ್ಕೂ ಅದು ಸರಿಹೋಗುತ್ತೆ. ನಾವು ತಗೊಂಡಂಥ ಚಿಕ್ಕ ಮಷೀನ್‌ಗೆ ಗಂಟೆಗೆ ಸುಮಾರು ಐದಾರು ರೂಪಾಯಿ. ಹಗಲೂ ರಾತ್ರಿ ಓಡಿಸಿದ್ರೆ ತಿಂಗಳಿಗೆ 730 ಗಂಟೆ. ದಿನಕ್ಕೆ 10 ಗಂಟೆ, 26 ದಿನ ಓಡಿಸಿ ನಿಲ್ಲಿಸಿದ್ರೆ 260 ಗಂಟೆ, ಅಂದ್ರೆ ಸುಮಾರು ಸಾವಿರದ ನಾನೂರು ರೂಪಾಯಿ. ಆದ್ರೆ ಮಷೀನ್ ನಿಲ್ಲಿಸಿದ್ರೂ ಡಿಸ್ಕ್‌ನ ಬಾಡಿಗೆ ನಿಲ್ಲಲ್ಲ, ಸ್ನ್ಯಾಪ್‌ಶಾಟ್‌ಗೆ ಬೇರೆ ದುಡ್ಡು, ಐಪಿ ಅಡ್ರೆಸ್ ಇಟ್ಕೊಂಡ್ರೆ ಅದಕ್ಕೂ 2024ರಿಂದ ಚಾರ್ಜ್ ಇದೆ, ಮೇಲೆ ಜಿಎಸ್‌ಟಿ. ಇದನ್ನ ಮೊದಲೇ ಹೇಳಬೇಕು. ಬಿಲ್ ನೋಡಿ ಗಾಬರಿಯಾದ ಅಂಗಡಿಯವರು ಮತ್ತೆ ಕ್ಲೌಡ್ ಕಡೆ ತಿರುಗಿ ನೋಡಲ್ಲ.

"ನೆಟ್ ಹೋದ್ರೆ ಏನ್ ಮಾಡ್ತೀಯ?" ಅಂತ ನಮ್ಮ ಕ್ಲಾಸಿನವರೇ ಕೇಳಿದ್ರು. ನ್ಯಾಯವಾದ ಪ್ರಶ್ನೆ. ನೆಟ್ ಹೋದ್ರೆ ಕೆಲಸ ನಿಲ್ಲುತ್ತೆ. ಅಷ್ಟು ಹೊತ್ತಿಗೆ ಮೊಬೈಲ್ ಹಾಟ್‌ಸ್ಪಾಟ್ ಸಾಕು. ಆದ್ರೆ ಇನ್ನೊಂದು ಮಗ್ಗಲೂ ಇದೆ. ಮೊದಲೆಲ್ಲ ಕರೆಂಟ್ ಹೋದ್ರೆ ಅರ್ಧ ಬರೆದ ವೋಚರ್ ಹೋಗ್ತಿತ್ತು, ಕೆಲವು ಸಲ ಡೇಟಾ ಫೈಲೇ ಕೆಡ್ತಿತ್ತು. ಈಗ ಅಂಗಡಿಯಲ್ಲಿ ಕರೆಂಟ್ ಹೋದ್ರೂ ಮುಂಬೈ ಮಷೀನ್ ಓಡ್ತಾನೇ ಇರುತ್ತೆ. ವಾಪಸ್ ಕನೆಕ್ಟ್ ಆದ್ರೆ ಬಿಟ್ಟ ಜಾಗದಲ್ಲೇ ವೋಚರ್ ತೆರೆದಿರುತ್ತೆ. ಮೊದಲ ದಿನ ಬೇಡವೇ ಬೇಡ ಅಂದಿದ್ದ ಲೆಕ್ಕದಣ್ಣ ಒಪ್ಪಿದ್ದು ಇದನ್ನ ನೋಡಿದ ಮೇಲೆ.

ಇಷ್ಟಾದ ಮೇಲೆ ಎಲ್ಲ ಮುಗೀತು ಅಂದ್ಕೊಂಡಿದ್ದೆ. ಒಂದು ದಿನ ಊಟ ಮಾಡ್ತಾ ಚಿಕ್ಕಪ್ಪ ಕೇಳಿದ್ರು, "ಇದರ ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ."

"ನೀನು ಕೆಲಸ ಸಿಕ್ಕಿ ಪುಣೆಗೋ ಜರ್ಮನಿಗೋ ಹೋದ್ರೆ?"

ನನಗೆ ಅನ್ನ ಇಳೀಲಿಲ್ಲ. ಎಡಬ್ಲ್ಯುಎಸ್ ಅಕೌಂಟ್ ಮಾಡಿದ್ದು ನನ್ನ ಕಾಲೇಜ್ ಇಮೇಲ್‌ನಲ್ಲಿ, ಒಟಿಪಿ ಬರೋದು ನನ್ನ ಫೋನಿಗೆ. ಕಾಲೇಜ್ ಮುಗಿದ ಮೇಲೆ ಆ ಇಮೇಲೇ ಇರಲ್ಲ. ಆ ಮಧ್ಯದವರು ಮಾಡ್ತಿದ್ದದ್ದನ್ನೇ ನಾನೂ ಮಾಡಿದ್ದೆ. ವ್ಯತ್ಯಾಸ ಅಂದ್ರೆ ನಾನು ಅಣ್ಣನ ಮಗ, ದುಡ್ಡು ತಗೊಂಡಿರಲಿಲ್ಲ.

ಆ ವಾರವೇ ರೂಟ್ ಅಕೌಂಟನ್ನ ಅಂಗಡಿಯ ಇಮೇಲ್‌ಗೆ ಬದಲಾಯಿಸಿದೆ. ಎರಡನೇ ಹಂತದ ಕೋಡ್ ಬರೋದು ಈಗ ಚಿಕ್ಕಪ್ಪನ ಫೋನ್‌ನಲ್ಲಿ. ಪಾಸ್‌ವರ್ಡ್ ಬರೆದ ಹಾಳೆ ಮನೆಯ ಬೀರುವಿನಲ್ಲಿ, ಜಮೀನಿನ ಪತ್ರದ ಜೊತೆ. ನನಗೆ ಬೇರೆ ಯೂಸರ್ ಇದೆ, ಬೇಡ ಅನ್ನಿಸಿದ ದಿನ ಅವರು ತೆಗೆದುಹಾಕಬಹುದು. ಹೇಗೆ ತೆಗೆಯೋದು ಅಂತಾನೂ ಹೇಳಿಕೊಟ್ಟಿದೀನಿ.

ಹಾಗಾಗಿ ನನ್ನ ಅಭಿಪ್ರಾಯ ಇದು. ಯಾವುದೇ ಅಂಗಡಿಯ ಲೆಕ್ಕವನ್ನ ಕ್ಲೌಡಿಗೆ ಹಾಕುವಾಗ ಮೂರು ವಿಷಯ ಇರಲೇಬೇಕು. ಅಕೌಂಟೂ ಲೈಸೆನ್ಸೂ ಅಂಗಡಿಯವರ ಹೆಸರಲ್ಲಿರಬೇಕು, ಹಾಕಿಕೊಟ್ಟವರ ಹೆಸರಲ್ಲಲ್ಲ. ರಿಮೋಟ್ ಡೆಸ್ಕ್‌ಟಾಪ್ ಪೋರ್ಟ್ ಪ್ರಪಂಚಕ್ಕೆ ತೆರೆದಿರಬಾರದು. ಬ್ಯಾಕಪ್ ಇನ್ನೊಂದು ಕಡೆಯೂ ಇರಬೇಕು, ಅದನ್ನ ಒಮ್ಮೆಯಾದ್ರೂ ರಿಸ್ಟೋರ್ ಮಾಡಿ ನೋಡಿರಬೇಕು. ನಾವು ವಾರಕ್ಕೊಮ್ಮೆ ಟ್ಯಾಲಿ ಬ್ಯಾಕಪ್ ಇಳಿಸಿ ಪೆನ್ ಡ್ರೈವ್‌ಗೆ ಹಾಕ್ತೀವಿ. ಕ್ಲೌಡ್ ಇದೆ ಅಂತ ಪೆನ್ ಡ್ರೈವ್ ಬಿಟ್ಟಿಲ್ಲ.

ಇದು ನನ್ನ ಸ್ವಂತ ಶಿಸ್ತು ಮಾತ್ರ ಅಲ್ಲ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕವನ್ನ ಆ ವರ್ಷದ ವಾರ್ಷಿಕ ರಿಟರ್ನ್‌ನ ಕೊನೇ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು. ಕಂಪ್ಯೂಟರ್‌ನಲ್ಲಿಟ್ರೆ, ಅದು ಹಾಳಾದ್ರೂ ಮತ್ತೆ ಪಡೆಯೋ ಹಾಗೆ ಬ್ಯಾಕಪ್ ಇರಬೇಕು ಅಂತ 57ನೇ ನಿಯಮ ಹೇಳುತ್ತೆ. ಪ್ರೈವೇಟ್ ಲಿಮಿಟೆಡ್ ಆದ್ರೆ ಇನ್ನೂ ಬಿಗಿ: ಭಾರತದೊಳಗಿನ ಸರ್ವರ್‌ನಲ್ಲಿ ದಿನಾ ಬ್ಯಾಕಪ್ ಬೇಕು, 2023ರ ಏಪ್ರಿಲ್ 1ರಿಂದ ಯಾರು ಯಾವಾಗ ಎಂಟ್ರಿ ತಿದ್ದಿದ್ರು ಅನ್ನೋ ದಾಖಲೆಯೂ ಸಾಫ್ಟ್‌ವೇರ್‌ನಲ್ಲಿ ಉಳಿಯಬೇಕು. ಎಡಬ್ಲ್ಯುಎಸ್‌ಗೆ ಮುಂಬೈ, ಹೈದರಾಬಾದ್ ಎರಡೂ ಕಡೆ ರೀಜನ್ ಇರೋದ್ರಿಂದ ಡೇಟಾ ದೇಶದೊಳಗೇ ಇಡೋದು ಕಷ್ಟ ಅಲ್ಲ. ಆದ್ರೆ ಅಕೌಂಟ್ ಮಾಡಿದಾಗ ತಾನಾಗಿ ಬಂದ ರೀಜನ್ ಯಾವುದು ಅಂತ ನೋಡದೆ ಮುಂದೆ ಹೋಗಬೇಡಿ.

ಎಲ್ಲರೂ ಕ್ಲೌಡಿಗೇ ಹೋಗಬೇಕು ಅಂತಾನೂ ನಾನು ಹೇಳಲ್ಲ. ಒಂದೇ ಕಂಪ್ಯೂಟರ್, ಒಬ್ಬರೇ ಲೆಕ್ಕ ಬರೆಯೋರು, ದಿನಕ್ಕೆ ಹತ್ತು ಬಿಲ್ ಇರೋ ಅಂಗಡಿಗೆ ಎರಡು ಪೆನ್ ಡ್ರೈವ್, ಒಂದು ಯುಪಿಎಸ್ ಸಾಕು. ಅವರಿಗೆ ಹಾಗೇ ಹೇಳೋ ಧೈರ್ಯವೂ ನಮಗಿರಬೇಕು.

ಮುಂದಿನ ವರ್ಷ ನಾವೆಲ್ಲ ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತೀವಿ. ಗಿಟ್‌ಹಬ್‌ನಿಂದ ಇನ್ನೊಂದು ಚಾಟ್‌ಬಾಟ್ ಇಳಿಸೋ ಮುಂಚೆ ಈ ಭಾನುವಾರ ಒಂದು ಕೆಲಸ ಮಾಡಿ. ನಿಮ್ಮ ಅಪ್ಪನದ್ದೋ, ಮಾವನದ್ದೋ, ಪಕ್ಕದ ಮನೆಯವರದ್ದೋ ಅಂಗಡಿಗೆ ಹೋಗಿ "ಬ್ಯಾಕಪ್ ಎಲ್ಲಿದೆ?" ಅಂತ ಕೇಳಿ. ಅದೇ ಕಂಪ್ಯೂಟರ್ ಕಡೆ ಕೈ ತೋರಿಸಿದ್ರೆ, ನಿಮಗೆ ಪ್ರಾಜೆಕ್ಟ್ ಸಿಕ್ತು. ವಿಪಿಎನ್ ಹಾಕೋದು ಗೊತ್ತಾಗದಿದ್ರೆ ನನಗೆ ಹೇಳಿ, ಜೊತೆಗೆ ಬರ್ತೀನಿ. ಅಕೌಂಟ್ ಮಾತ್ರ ನಿಮ್ಮ ಕಾಲೇಜ್ ಇಮೇಲ್‌ನಲ್ಲಿ ಮಾಡಬೇಡಿ.