ಆಸ್ಪತ್ರೆಯ ಆಯಾಗಳೂ ಅಂಟುಜಾಡ್ಯವೂ

ರೋಗವನ್ನು ಕಳೆದುಕೊಳ್ಳಲೆಂದು ಆಸ್ಪತ್ರೆಗೆ ಹೋದವನು ಅಲ್ಲಿಂದ ಮತ್ತೊಂದು ರೋಗವನ್ನು ಸಂಪಾದಿಸಿಕೊಂಡು ಬಂದನೆಂಬ ಮಾತು ನಮ್ಮ ಊರುಗಳಲ್ಲಿ ಹೊಸದಲ್ಲ. ಇಂಥದನ್ನು ಕೇಳಿದೊಡನೆ ನಾವು ವೈದ್ಯರನ್ನು ದೂರುವೆವು, ಔಷಧವು ಕಳಪೆಯದೆನ್ನುವೆವು, ಕಡೆಗೆ ಗ್ರಹಚಾರವೆಂದು ಸುಮ್ಮನಾಗುವೆವು. ಆದರೆ ರೋಗಿಯ ಮೈಯನ್ನು ಹಗಲಿರುಳು ಮುಟ್ಟುವ ಕೈ ಯಾರದು, ಆ ಕೈಗೆ ಯಾರಾದರೂ ಏನನ್ನಾದರೂ ಕಲಿಸಿದ್ದಾರೆಯೇ, ಅದನ್ನು ತೊಳೆದುಕೊಳ್ಳಲು ಹತ್ತಿರದಲ್ಲಿ ನೀರಿದೆಯೇ ಎಂಬ ವಿಚಾರವು ನಮ್ಮಲ್ಲಿ ಅನೇಕರ ಮನಸ್ಸಿಗೆ ಬರುವುದೇ ಇಲ್ಲ. ಆ ವಿಚಾರವನ್ನೇ ಈ ದಿನ ವಾಚಕರ ಮುಂದಿಡಬಯಸುತ್ತೇವೆ.

ಕೆಲವು ತಿಂಗಳುಗಳ ಹಿಂದೆ ನಮ್ಮ ಆಪ್ತರೊಬ್ಬರ ಸಂಗಡ ಒಂದು ಆಸ್ಪತ್ರೆಯಲ್ಲಿ ನಾಲ್ಕು ರಾತ್ರಿಗಳನ್ನು ಕಳೆಯಬೇಕಾಗಿ ಬಂದಿತು. ಆಸ್ಪತ್ರೆಯ ಹೆಸರು ಇಲ್ಲಿ ಅಪ್ರಸ್ತುತ. ಇಪ್ಪತ್ತು ಹಾಸಿಗೆಗಳ ಆ ಕೊಠಡಿಗೆ ರಾತ್ರಿಯ ಪಾಳಿಯಲ್ಲಿ ಒಬ್ಬ ದಾದಿ, ಒಬ್ಬ ಆಯಾ. ಮದ್ದು ಕೊಡುವುದು, ಸೂಜಿ ಚುಚ್ಚುವುದು, ದಫ್ತರ ಬರೆಯುವುದು, ಇಷ್ಟರಲ್ಲಿಯೇ ದಾದಿಗೆ ಬೆಳಗಾಗುತ್ತಿತ್ತು. ಮಿಕ್ಕುದೆಲ್ಲವೂ ಆಯಾಳ ಪಾಲು. ಎದ್ದು ಕೂರಿಸುವುದು, ಮಲಮೂತ್ರದ ಪಾತ್ರೆಯನ್ನು ಇಡುವುದು, ತೆಗೆಯುವುದು, ಮೈ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ಗಂಜಿ ಕುಡಿಸುವುದು. ಆಕೆಯು ಕೈಗವಸುಗಳನ್ನು ಹಾಕಿಕೊಂಡಿದ್ದುದನ್ನು ಕಂಡು ಮೊದಲು ನಮಗೆ ಸಮಾಧಾನವೇ ಆಯಿತು. ಆದರೆ ಆ ಗವಸಿನ ಕೈಯಿಂದಲೇ ಒಬ್ಬರ ಮೂತ್ರದ ಚೀಲವನ್ನು ಬರಿದುಮಾಡಿ, ಅದೇ ಕೈಯಿಂದ ಪಕ್ಕದ ಹಾಸಿಗೆಯ ವೃದ್ಧರ ತುಟಿಗೆ ನೀರಿನ ಲೋಟವನ್ನು ಹಿಡಿದಳು. ವಿಚಾರಿಸಿದಾಗ ಬಂದ ಉತ್ತರವಿದು: "ಪಾಳಿಗೆ ಒಂದೇ ಜೊತೆ ಸ್ವಾಮೀ, ಹರಿದರೆ ಮಾತ್ರ ಇನ್ನೊಂದು." ಪಡಸಾಲೆಯ ಕೊನೆಯಲ್ಲಿ ಕೈತೊಳೆಯುವ ತೊಟ್ಟಿ ಇತ್ತು. ಕೊಳಾಯಿಯಲ್ಲಿ ನೀರೂ ಬರುತ್ತಿತ್ತು. ಸೋಪು ಮಾತ್ರ ನಾಲ್ಕು ದಿನವೂ ಕಾಣಿಸಲಿಲ್ಲ. ಗುತ್ತಿಗೆದಾರನ ಮೂಲಕ ಸೇರಿ ಮೂರು ವರ್ಷವಾಯಿತಂತೆ. ಕೆಲಸವನ್ನು ಯಾರು ಕಲಿಸಿದರೆಂದರೆ, ಹಳಬಳೊಬ್ಬಳನ್ನು ನೋಡಿ ಕಲಿತೆನೆಂದಳು. ಆಕೆಯನ್ನು ನಾವು ಗದರಿಸಲಾರದೆ ಹೋದೆವು. ನಡುರಾತ್ರಿ ಎರಡು ಗಂಟೆಗೆ, ಯಾರೂ ಹೇಳದೆ, ಆ ವೃದ್ಧರ ಬಾಯಾರಿಕೆಯನ್ನು ಗುರುತಿಸಿ ಬಂದವಳು ಅವಳೊಬ್ಬಳೇ.

ಗವಸು ತೊಟ್ಟ ಮಾತ್ರಕ್ಕೆ ಕೈ ಶುದ್ಧವಾಯಿತೆಂಬುದು ದೊಡ್ಡ ಭ್ರಾಂತಿ. ತೊಟ್ಟವರನ್ನು ಅದು ಕೊಂಚ ಕಾಪಾಡೀತು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಅದನ್ನೇ ತೊಟ್ಟು ನಡೆದರೆ ರೋಗಿಯನ್ನು ಕಾಪಾಡುವುದಿರಲಿ, ರೋಗಾಣುಗಳಿಗೆ ಅದೇ ಪಲ್ಲಕ್ಕಿಯಾಗುವುದು. ಒಬ್ಬ ರೋಗಿಗೆ ಒಂದು ಜೊತೆ, ಅದನ್ನು ಕಳಚಿದೊಡನೆ ಕೈ ತೊಳೆಯುವುದು, ಇದು ನಿಯಮ. ಸೋಪು ನೀರಿನಿಂದಾದರೆ 40ರಿಂದ 60 ಸೆಕೆಂಡು, ಬೆರಳ ಸಂದು, ಹೆಬ್ಬೆರಳು, ಉಗುರ ತುದಿಗಳನ್ನು ಬಿಡದಂತೆ ತೊಳೆಯತಕ್ಕದ್ದು. ಮದ್ಯಸಾರದ ದ್ರವವನ್ನು ಉಜ್ಜಿಕೊಳ್ಳುವುದಾದರೆ 20ರಿಂದ 30 ಸೆಕೆಂಡು ಸಾಕು. ಆದರೆ ಕೈಯಲ್ಲಿ ಕೊಳೆಯು ಕಣ್ಣಿಗೆ ಕಾಣುವಂತಿದ್ದಾಗಲೂ, ಕೆಲವು ಬಗೆಯ ಭೇದಿಯ ರೋಗಿಗಳನ್ನು ಮುಟ್ಟಿದಾಗಲೂ ಆ ದ್ರವವನ್ನು ನಂಬುವಂತಿಲ್ಲ. ಸೋಪು ನೀರೇ ಬೇಕು. ರೋಗಿಯನ್ನು ಮುಟ್ಟುವ ಮುನ್ನ, ಗಾಯ ಅಥವಾ ನಳಿಕೆಯ ಕೆಲಸಕ್ಕೆ ಮುನ್ನ, ಮೈಯ ದ್ರವಗಳ ಸಂಪರ್ಕವಾದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಆತನ ಸುತ್ತಣ ವಸ್ತುಗಳನ್ನು ಮುಟ್ಟಿದ ಮೇಲೆ, ಹೀಗೆ ಐದು ಸಂದರ್ಭಗಳನ್ನು ವಿಶ್ವ ಆರೋಗ್ಯ ಸಂಸ್ಥೆಯವರು 2009ರಲ್ಲಿಯೇ ಗೊತ್ತುಮಾಡಿಕೊಟ್ಟಿರುವರು.

ಇದು ಕೆಳದರ್ಜೆಯ ನೌಕರರನ್ನು ದೂಷಿಸುವ ಮಾತೆಂದು ಯಾರೂ ಭಾವಿಸಬಾರದು. ಚರಿತ್ರೆಯಲ್ಲಿ ಮೊದಲು ಸಿಕ್ಕಿಬಿದ್ದ ಕೈಗಳು ವಿದ್ವಾಂಸರವೇ. ವಿಯೆನ್ನಾ ನಗರದ ದೊಡ್ಡ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದುವು. ಒಂದರಲ್ಲಿ ವೈದ್ಯವಿದ್ಯಾರ್ಥಿಗಳು ಕಲಿಯುತ್ತಿದ್ದರು, ಮತ್ತೊಂದರಲ್ಲಿ ಸೂಲಗಿತ್ತಿಯರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕಿಂತ ಹೆಚ್ಚು ಬಾಣಂತಿಯರು ಸತ್ತರೆ, ಸೂಲಗಿತ್ತಿಯರ ವಿಭಾಗದಲ್ಲಿ ಸತ್ತವರು ನೂರಕ್ಕೆ ಮೂವರಿಗಿಂತಲೂ ಕಡಮೆ. ಹೆಣಗಳನ್ನು ಕೊಯ್ದು ಪರೀಕ್ಷಿಸಿದ ಕೈಗಳಿಂದಲೇ ವಿದ್ಯಾರ್ಥಿಗಳು ಹೆರಿಗೆಯ ಕೊಠಡಿಗೆ ಬರುತ್ತಿದ್ದುದನ್ನು ಸೆಮ್ಮೆಲ್‌ವೈಸ್ ಎಂಬ ತರುಣ ವೈದ್ಯನು ಗಮನಿಸಿದನು. 1847ರ ಮೇ ತಿಂಗಳಿನಿಂದ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆದಲ್ಲದೆ ಒಳಗೆ ಬರಕೂಡದೆಂದು ಕಟ್ಟುಮಾಡಿದನು. ಏಪ್ರಿಲಿನಲ್ಲಿ ನೂರಕ್ಕೆ 18 ಇದ್ದ ಮರಣವು ಜೂನಿನಲ್ಲಿ ಸುಮಾರು ಎರಡಕ್ಕೆ ಇಳಿಯಿತು. ಇಷ್ಟಾದರೂ ದೊಡ್ಡ ದೊಡ್ಡ ಪಂಡಿತರು ಅವನನ್ನು ನಂಬಲಿಲ್ಲ. ಸಭ್ಯಗೃಹಸ್ಥರ ಕೈಗಳು ಮಲಿನವಾಗಿರಬಹುದೆಂಬ ಮಾತೇ ಅವರಿಗೆ ಅಪಮಾನವಾಗಿ ತೋರಿತು. ಇಂದಿಗೂ ಹಾಸಿಗೆಯಿಂದ ಹಾಸಿಗೆಗೆ ಕೈ ತೊಳೆಯದೆ ಸಾಗುವ ವೈದ್ಯರನ್ನು ಕಂಡ ಆಯಾ, ತಾನೂ ಹಾಗೆಯೇ ನಡೆದರೆ ತಪ್ಪೇನೆಂದು ಕೇಳಿದರೆ ಅದಕ್ಕೆ ಉತ್ತರವೇನು?

ಮಡಿಯ ವಿಷಯದಲ್ಲಿ ನಾವು ಬಹಳ ಸೂಕ್ಷ್ಮವಾದ ಜನ. ಒಗೆದ ಪಂಚೆಗೆ ಬೆರಳು ತಗುಲಿದರೆ ಮತ್ತೆ ಸ್ನಾನ ಮಾಡುವ ಮನೆಗಳಲ್ಲಿ ಬೆಳೆದವರು ನಾವು. ಆದರೆ ಆ ಮಡಿಯು ಮುಟ್ಟುವವನ ಜಾತಿಯನ್ನು ವಿಚಾರಿಸಿದಷ್ಟು ಮುಟ್ಟಿದ ಕೈಯ ಕೊಳೆಯನ್ನು ವಿಚಾರಿಸಲಿಲ್ಲ. ಅದರ ಫಲವಾಗಿ, ಹೇಸಿಗೆಯ ಕೆಲಸ ಮಾಡುವವರು ಹೇಗೆ ಮಾಡಿದರೇನು, ನಮಗೆ ಕಾಣದಂತೆ ಮಾಡಿದರೆ ಸಾಕು ಎಂಬ ಬುದ್ಧಿಯು ನಮ್ಮಲ್ಲಿ ಬೇರೂರಿದೆ. ಮಲದ ಪಾತ್ರೆಯನ್ನು ಎತ್ತುವವಳಿಗೆ ಪಾಠವೇತಕ್ಕೆ ಎಂದು ಕೇಳುವವರು ಇದೇ ಬುದ್ಧಿಯವರು. ಸೋಂಕು ಪಾತ್ರೆಯಿಂದ ಪಾತ್ರೆಗೆ, ಹಾಸಿಗೆಯಿಂದ ಹಾಸಿಗೆಗೆ ನಡೆಯುವ ದಾರಿಯಲ್ಲಿ ಹೆಚ್ಚು ಕಾಲ ನಿಂತಿರುವವಳು ಅವಳೇ ಎಂಬುದನ್ನು ಮರೆತು ಆಡುವ ಮಾತು ಅದು.

ಇನ್ನು ಆಕೆಯ ಪ್ರಾಣದ ಮಾತು. ಬಳಸಿದ ಸೂಜಿಯೊಂದು ಹಾಸಿಗೆಯ ಬಟ್ಟೆಯಲ್ಲಿಯೋ ಕಸದ ಚೀಲದಲ್ಲಿಯೋ ಅಡಗಿದ್ದರೆ ಚುಚ್ಚಿಸಿಕೊಳ್ಳುವವರು ಸಾಮಾನ್ಯವಾಗಿ ಅದನ್ನು ಬಳಸಿದವರಲ್ಲ, ಬಟ್ಟೆ ಎತ್ತುವವರು, ಕಸ ಎತ್ತುವವರು. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ಸೋಂಕಿನ ಸೂಜಿ ಚುಚ್ಚಿದರೆ ನೂರರಲ್ಲಿ ಆರರಿಂದ ಮೂವತ್ತು ಮಂದಿಗೆ ಆ ರೋಗವು ತಗಲುವ ಸಂಭವವಿದೆ. ಎಚ್.ಐ.ವಿ. ತಗಲುವ ಸಂಭವ ಸಾವಿರಕ್ಕೆ ಮೂರು. ಹೆಪಟೈಟಿಸ್ ಬಿ ರೋಗಾಣುವು ಒಣಗಿದ ರಕ್ತದ ಕಲೆಯಲ್ಲಿಯೂ ಏಳು ದಿನ ಜೀವದಿಂದಿರಬಲ್ಲದು. ಆದುದರಿಂದ ಬಳಸಿದ ಸೂಜಿಗೆ ಮತ್ತೆ ಮುಚ್ಚಳ ತೊಡಿಸಕೂಡದು, ಬಳಸಿದವರೇ ಅದನ್ನು ಅಲ್ಲಿಯೇ ಚುಚ್ಚಿ ತೂರದ ಬಿಳಿಯ ಡಬ್ಬಿಗೆ ಹಾಕತಕ್ಕದ್ದು. ರಕ್ತ ಕೀವು ಹತ್ತಿದ ಹತ್ತಿ ಬಟ್ಟೆಗಳು ಹಳದಿ ಚೀಲಕ್ಕೆ, ನಳಿಕೆ ಗವಸುಗಳು ಕೆಂಪಿಗೆ, ಗಾಜು ನೀಲಿಗೆ. ಮೈಲಿಗೆಯಾದ ಹಾಸಿಗೆಯ ಬಟ್ಟೆಯನ್ನು ಝಾಡಿಸದೆ, ಮೈಗೆ ತಾಗಿಸದೆ ಮಡಿಚಿ ಒಯ್ಯಬೇಕು. ಅಕಸ್ಮಾತ್ ಸೂಜಿ ಚುಚ್ಚಿದರೆ ಬೆರಳನ್ನು ಹಿಂಡದೆ, ಬಾಯಲ್ಲಿಡದೆ, ಸೋಪು ನೀರಿನಿಂದ ತೊಳೆದು ಆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಎಚ್.ಐ.ವಿ. ತಡೆಯುವ ಔಷಧವನ್ನು ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು, 72 ಗಂಟೆ ಕಳೆದರೆ ಪ್ರಯೋಜನವಿಲ್ಲ. ಕೆಲಸ ಹೋದೀತೆಂಬ ಭಯದಿಂದ ಗುತ್ತಿಗೆಯ ಆಯಾ ಚುಚ್ಚಿದುದನ್ನು ಮುಚ್ಚಿಟ್ಟರೆ, ಆ ಭಯವನ್ನು ಹುಟ್ಟಿಸಿದವರೇ ಅದಕ್ಕೆ ಹೊಣೆ.

ಇದೆಲ್ಲವೂ ಅತಿಶಯೋಕ್ತಿಯೆಂದು ತೋರುವವರು ಸಿಲಿಗುರಿಯನ್ನು ನೆನೆಯಲಿ. 2001ರ ಆರಂಭದಲ್ಲಿ ಆ ಊರಿನಲ್ಲಿ ಹೆಸರು ತಿಳಿಯದ ಜ್ವರವೊಂದು 66 ಮಂದಿಗೆ ತಗುಲಿ 45 ಮಂದಿಯನ್ನು ಕೊಂದಿತು. ಅದು ನಿಪಾ ಎಂದು ಗೊತ್ತಾದುದು ವರ್ಷಗಳಾದ ಮೇಲೆ. ರೋಗ ತಗುಲಿದವರಲ್ಲಿ ಸುಮಾರು ಮುಕ್ಕಾಲು ಪಾಲು ಜನರು ಆಸ್ಪತ್ರೆಗಳಲ್ಲಿ ಕೆಲಸಮಾಡುತ್ತಿದ್ದವರು, ಇಲ್ಲವೇ ರೋಗಿಗಳನ್ನು ನೋಡಲು ಅಲ್ಲಿಗೆ ಹೋದವರು. 2018ರಲ್ಲಿ ನಮ್ಮ ನೆರೆಯ ಕೋಳಿಕ್ಕೋಡಿನಲ್ಲಿ ಅದೇ ನಿಪಾ ಕಾಣಿಸಿಕೊಂಡಾಗಲೂ ಬಹುಮಟ್ಟಿಗೆ ಆಸ್ಪತ್ರೆಗಳ ಒಳಗೇ ಹಬ್ಬಿತು. ಪೇರಾಂಬ್ರಾದ ತಾಲೂಕು ಆಸ್ಪತ್ರೆಯ ದಾದಿ ಲಿನಿಯವರು ರೋಗವಾವುದೆಂದು ತಿಳಿಯದೆ ಶುಶ್ರೂಷೆ ಮಾಡಿ, ಆ ಮೇ ತಿಂಗಳ 21ರಂದು ತೀರಿಕೊಂಡರು. ಆಕೆಯ ತ್ಯಾಗವನ್ನು ದೇಶವೆಲ್ಲ ಕೊಂಡಾಡಿತು. ನಾವೂ ಕೊಂಡಾಡುತ್ತೇವೆ. ಆದರೆ ಕೆಮ್ಮುವ, ಜ್ವರದ ರೋಗಿಯು ಬಂದೊಡನೆ ರೋಗದ ಹೆಸರು ತಿಳಿಯುವುದಕ್ಕೆ ಕಾಯದೆ ಆತನಿಗೂ ಉಪಚರಿಸುವವರಿಗೂ ಮುಖಗವಸು ಕೊಡುವುದು, ಪ್ರತ್ಯೇಕವಾಗಿರಿಸುವುದು ವಾಡಿಕೆಯಾದರೆ, ಎಲ್ಲ ರಕ್ತವನ್ನೂ ಸೋಂಕಿನ ರಕ್ತವೆಂದೇ ಎಣಿಸಿ ನಡೆದರೆ, ಇಂಥ ತ್ಯಾಗಕ್ಕೆ ಸಂದರ್ಭವೇ ಅಪರೂಪವಾದೀತು.

ಉಪಚಾರಕರ ಕೈಯಿಂದ ಏನಾಗಬಲ್ಲದೆಂಬುದಕ್ಕೆ ಮತ್ತೊಂದು ನಿದರ್ಶನವು ಕನ್ನಡಿಗರಿಗೆ ತೀರ ಹತ್ತಿರದ್ದು. ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದು, 1973ರಲ್ಲಿ ಕ್ರೂರವಾದ ಹಲ್ಲೆಗೆ ತುತ್ತಾಗಿ, 2015ರಲ್ಲಿ ಕಣ್ಣು ಮುಚ್ಚುವವರೆಗೆ ಹಾಸಿಗೆಯಲ್ಲಿಯೇ ಇದ್ದರು. ಮೂವತ್ತೇಳು ವರ್ಷ ಮಲಗಿದ್ದ ಆ ಮೈಯನ್ನು ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಂತೆ ಪರೀಕ್ಷಿಸಿದ ವೈದ್ಯರಿಗೆ ಹಾಸಿಗೆ ಹುಣ್ಣು ಕಾಣಲಿಲ್ಲ. 2011ರ ತೀರ್ಪಿನಲ್ಲಿ ನ್ಯಾಯಾಧೀಶರು ಆ ಆಸ್ಪತ್ರೆಯ ಉಪಚಾರಕವರ್ಗವನ್ನು ಮನಸಾರೆ ಹೊಗಳಿದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಚರ್ಮವನ್ನು ಒದ್ದೆಯಾಗಿ ಬಿಡದಿರುವುದು, ಹಾಸುಗೆಯ ಸುಕ್ಕು ತೆಗೆಯುವುದು, ಇಷ್ಟೇ ಅದರ ಗುಟ್ಟು. ಹುಣ್ಣಾದರೆ ಅದೇ ಸೋಂಕಿಗೆ ಹೆಬ್ಬಾಗಿಲು. ಆದರೆ ರಾತ್ರಿಯೆಲ್ಲ ಇಪ್ಪತ್ತು ಮಂದಿಯ ಮಗ್ಗುಲು ಬದಲಿಸುವುದು ಒಬ್ಬಳಿಂದ ಆಗುವ ಕೆಲಸವೇ? ಭಾರದ ರೋಗಿಯನ್ನು ಎತ್ತಲು ಇಬ್ಬರು ಬೇಕು, ಸೊಂಟ ಬಾಗಿಸದೆ ಮಂಡಿ ಬಾಗಿಸಿ ಎತ್ತಬೇಕೆಂದು ತೋರಿಸಿಕೊಡುವವರು ಬೇಕು. ಹೇಳಿಕೊಡದೆ ದುಡಿಸಿ, ನಲವತ್ತನೆಯ ವರ್ಷಕ್ಕೆ ಅವಳ ಬೆನ್ನು ಮುರಿದ ಮೇಲೆ ಗುತ್ತಿಗೆದಾರನು ಹೊಸಬಳನ್ನು ತರುವನು.

ಹಣವಿಲ್ಲವೆಂಬ ಸಬೂಬನ್ನು ನಾವು ಒಪ್ಪಲಾರೆವು. ಒಂದು ಯಂತ್ರದ ಉದ್ಘಾಟನೆಗೆ ಹಾಕಿದ ಚಪ್ಪರದ ಖರ್ಚಿನಲ್ಲಿ ವರ್ಷದ ಸೋಪು ಬಂದೀತು. ಕಾನೂನಿಲ್ಲವೆಂಬ ಮಾತೂ ಸಲ್ಲದು. ಭಾರತ ಸರಕಾರದವರು 2016ರಲ್ಲಿ ಹೊರಡಿಸಿದ ಜೈವಿಕ ವೈದ್ಯಕೀಯ ತ್ಯಾಜ್ಯದ ನಿಯಮಗಳ ಪ್ರಕಾರ, ಆ ತ್ಯಾಜ್ಯವನ್ನು ಮುಟ್ಟುವ ಎಲ್ಲರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆಯನ್ನು ಹಾಕಿಸುವುದೂ, ಕೆಲಸಕ್ಕೆ ಸೇರುವಾಗ ಒಮ್ಮೆ, ತರುವಾಯ ವರ್ಷಕ್ಕೊಮ್ಮೆಯಾದರೂ ತರಬೇತಿ ಕೊಡುವುದೂ ಆಸ್ಪತ್ರೆಯ ಕರ್ತವ್ಯ. ಸೂಜಿ ಚುಚ್ಚಬಲ್ಲುದು ಸರಕಾರಿ ನೌಕರಳನ್ನಷ್ಟೇ ಅಲ್ಲ, ಗುತ್ತಿಗೆಯವಳನ್ನೂ ಅದು ಚುಚ್ಚುವುದು. ಆದುದರಿಂದ ತರಬೇತಿಯು ಗುತ್ತಿಗೆದಾರನ ಜವಾಬ್ದಾರಿಯೆಂದು ಕಾಗದದ ಮೇಲೆ ಬರೆದು ಕೈ ತೊಳೆದುಕೊಳ್ಳುವ ಅಧಿಕಾರಿಗಳು, ಕೈ ತೊಳೆಯುವ ಸ್ಥಳವನ್ನು ತಪ್ಪಾಗಿ ತಿಳಿದಿರುವರು.

ನಮ್ಮ ವಾಚಕರಲ್ಲಿ ಅನೇಕರು ಸರಕಾರಿ ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಗಳ ಸದಸ್ಯರಾಗಿರುವರು, ಇನ್ನು ಕೆಲವರು ಖಾಸಗಿ ಆಸ್ಪತ್ರೆಗಳ ಧರ್ಮದರ್ಶಿಗಳು. ಅವರಲ್ಲಿ ನಮ್ಮ ಬಿನ್ನಹವಿಷ್ಟೇ. ಮುಂದಿನ ಸಭೆಗೆ ಅರ್ಧ ಗಂಟೆ ಮುಂಚೆ, ಯಾರಿಗೂ ತಿಳಿಸದೆ, ಸಾಧ್ಯವಾದರೆ ರಾತ್ರಿಯ ಪಾಳಿಯಲ್ಲೊಮ್ಮೆ, ಕೊಠಡಿಯೊಳಗೆ ಹೋಗಿರಿ. ತೊಟ್ಟಿಯ ಬಳಿ ಸೋಪಿದೆಯೇ ನೋಡಿರಿ. ಬಿಳಿಯ ಡಬ್ಬಿಯು ಬಾಯಿವರೆಗೆ ತುಂಬಿ ಸೂಜಿಗಳು ಹೊರಗೆ ಇಣುಕುತ್ತಿವೆಯೇ ನೋಡಿರಿ. ಅಲ್ಲಿರುವ ಆಯಾಳನ್ನು ಕುಳ್ಳಿರಿಸಿಕೊಂಡು, ಹೆಪಟೈಟಿಸ್ ಲಸಿಕೆಯ ಮೂರು ಸುತ್ತೂ ಆಗಿವೆಯೇ, ಈ ಕೆಲಸವನ್ನು ನಿನಗೆ ಯಾರು ಕಲಿಸಿದರು ಎಂದು ಕೇಳಿರಿ. ಆಕೆ ಕೊಡುವ ಉತ್ತರವನ್ನು ಸಭೆಯ ನಡವಳಿಕೆಯ ಪುಸ್ತಕದಲ್ಲಿ ಆಕೆಯ ಮಾತಿನಲ್ಲಿಯೇ ಬರೆಯಿಸಿರಿ.