ವೇಗದ ದಂಡ: ತೆರುವ ಮೊದಲು ಓದಿಕೊಳ್ಳಬೇಕಾದದ್ದು

ಬೈಕಿನ ಒಡೆಯನ ಮೊಬೈಲಿಗೆ ಒಂದು ಸಂದೇಶ ಬರುತ್ತದೆ. ಅದರಲ್ಲಿ ವಾಹನದ ಸಂಖ್ಯೆ, ಒಂದೆರಡು ಸಾಲು ಇಂಗ್ಲಿಷು, ತೆರಬೇಕಾದ ಮೊತ್ತ ಇಷ್ಟೇ ಇರುತ್ತದೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಕನ್ನಡ ಮನೆಗಳಲ್ಲಿ ಅದನ್ನು ಓದಿ ಹೇಳುವ ಹೊಣೆ ಬಹಳ ಸಲ ಹೈಸ್ಕೂಲಿನ ಮಗುವಿನ ಪಾಲಿಗೆ ಬೀಳುತ್ತದೆ. ಮಗು ಮೊತ್ತವನ್ನು ಓದುತ್ತದೆ, ತಂದೆ ಅದನ್ನು ಕಟ್ಟುತ್ತಾನೆ. ಆರೋಪವೇನು, ಅದಕ್ಕೆ ಆಧಾರವೇನು ಎಂಬುದು ಇಬ್ಬರಿಗೂ ತಿಳಿದಿರುವುದಿಲ್ಲ.

ಹಣ ಕಟ್ಟಿದರೆ ಪೀಡೆ ಕಳೆಯಿತು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅದು ಅರ್ಧ ಸತ್ಯ ಮಾತ್ರ. ಮೋಟಾರು ವಾಹನ ಕಾಯಿದೆಯ 200ನೆಯ ಕಲಮಿನಂತೆ ದಂಡ ತೆತ್ತು ರಾಜಿಯಾದರೆ ಆ ಪ್ರಕರಣದ ವಿಚಾರಣೆ ಅಲ್ಲಿಗೆ ನಿಲ್ಲುತ್ತದೆ, ನಿಜ. ಆದರೆ 2019ರ ತಿದ್ದುಪಡಿಯ ಬಳಿಕ ಹಾಗೆ ರಾಜಿಯಾದ ಅಪರಾಧವೂ ಲೆಕ್ಕದಲ್ಲಿ ಉಳಿಯುತ್ತದೆ. ಅದೇ ತಪ್ಪು ಮತ್ತೆ ನಡೆದರೆ ಹಿಂದಿನದನ್ನು ಮೊದಲನೆಯದೆಂದೇ ಎಣಿಸುತ್ತಾರೆ. ಚಾಲನಾ ಪರವಾನಗಿಯನ್ನು ಅಮಾನತಿನಲ್ಲಿಡುವ ಕ್ರಮದಿಂದಲೂ ರಾಜಿ ಬಿಡುಗಡೆ ನೀಡುವುದಿಲ್ಲ. ಬೈಕಿನಲ್ಲಿ ಮನೆ ಮನೆಗೆ ಸಾಮಾನು ತಲಪಿಸಿ ಸಂಸಾರ ನಡೆಸುವ ಯುವಕನಿಗೆ ಪರವಾನಗಿಯೇ ಅನ್ನ. ಅವನ ಪಾಲಿಗೆ ಇದು ಕೇವಲ ಸಾವಿರ ಚಿಲ್ಲರೆ ರೂಪಾಯಿಯ ಮಾತಲ್ಲ.

ಕೇರಳದ ರಸ್ತೆಗಳಲ್ಲಿ 2023ರ ಜೂನ್ 5ರಿಂದ ಹೊಸ ಕ್ಯಾಮರಾಗಳ ಆಧಾರದಲ್ಲಿ ದಂಡ ವಿಧಿಸಲಾಗುತ್ತಿದೆ. ಆ ಯೋಜನೆಯ 726 ಕ್ಯಾಮರಾಗಳಲ್ಲಿ 675 ಇರುವುದು ಹೆಲ್ಮೆಟ್, ಸೀಟುಪಟ್ಟಿ, ಮೊಬೈಲು, ಮೂವರ ಸವಾರಿ ಇಂಥವನ್ನು ಹಿಡಿಯುವುದಕ್ಕೆ. ವೇಗವನ್ನು ಅಳೆಯುವುದಕ್ಕೆಂದು ಇಟ್ಟವು ಎಂಟೇ ಎಂಟು, ಅವುಗಳಲ್ಲಿ ನಾಲ್ಕು ವಾಹನದಲ್ಲಿ ಸಂಚರಿಸುವಂಥವು. ಇವಲ್ಲದೆ ಇಲಾಖೆಯ ಹಳೆಯ ವೇಗಮಾಪಕಗಳೂ ಇವೆ. ಆದುದರಿಂದ ಕಂಬದ ಮೇಲಿನ ಪ್ರತಿಯೊಂದು ಕ್ಯಾಮರಾವೂ ನಮ್ಮ ವೇಗವನ್ನು ಅಳೆದಿದೆ ಎಂದು ಅಂಜಬೇಕಿಲ್ಲ. ಯಾವ ಉಪಕರಣ ಅಳೆಯಿತು ಎಂದು ಕೇಳುವುದರಲ್ಲಿ ಅವಿನಯವೂ ಇಲ್ಲ. ಅದೇ ವರ್ಷದ ಜುಲೈ 1ರಿಂದ ಈ ರಾಜ್ಯದಲ್ಲಿ ದ್ವಿಚಕ್ರಗಳ ಗರಿಷ್ಠ ವೇಗಮಿತಿ ಗಂಟೆಗೆ 70 ಕಿಲೋಮೀಟರಿನಿಂದ 60ಕ್ಕೆ ಇಳಿದಿದೆ. ಹಳೆಯ ಮಿತಿಯನ್ನೇ ನಂಬಿ ವಾದಿಸಹೊರಟವರು ಸೋಲುತ್ತಾರೆ.

ಹಾಗಾದರೆ ನ್ಯಾಯಾಲಯದಲ್ಲಿ ನಿಲ್ಲುವ ವಾದ ಯಾವುದು? ಉತ್ತರವು ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟಿನಲ್ಲಿ ಸೇರಿಸಲಾದ 167ಎ ನಿಯಮದಲ್ಲಿದೆ. ವೇಗ ಅಳೆಯುವ ಉಪಕರಣಕ್ಕೆ ಅಧಿಕೃತ ಪ್ರಮಾಣಪತ್ರ ಬೇಕು, ಅದನ್ನು ವರ್ಷವರ್ಷವೂ ನವೀಕರಿಸಬೇಕು. ಕ್ಯಾಮರಾ ಇರುವ ಭಾಗಕ್ಕೆ ಮುನ್ನ ಎಚ್ಚರಿಕೆಯ ಫಲಕ ಕಣ್ಣಿಗೆ ಬೀಳುವಂತಿರಬೇಕು. ನೋಟಿಸಿನೊಡನೆ ತಪ್ಪನ್ನೂ ವಾಹನದ ಸಂಖ್ಯೆಯನ್ನೂ ಸ್ಪಷ್ಟವಾಗಿ ತೋರಿಸುವ ಚಿತ್ರ, ಉಪಕರಣ ದಾಖಲಿಸಿದ ಅಳತೆ, ದಿನಾಂಕ, ಸಮಯ, ಸ್ಥಳ, ಉಲ್ಲಂಘಿಸಿದ ಕಲಮು, ವಿದ್ಯುನ್ಮಾನ ದಾಖಲೆಗೆ ಬೇಕಾದ ಸಾಕ್ಷ್ಯ ಪ್ರಮಾಣಪತ್ರ ಇವೆಲ್ಲ ಇರಬೇಕೆಂದು ಆ ನಿಯಮ ಹೇಳಿತು. ರೇಡಾರ್ ಉಪಕರಣಗಳನ್ನು ಕಾನೂನುಬದ್ಧ ಮಾಪನಶಾಸ್ತ್ರದ ನಿಯಮಗಳಂತೆ ಪರಿಶೀಲಿಸಿ ಮುದ್ರೆಯೊತ್ತಬೇಕೆಂಬ ವ್ಯವಸ್ಥೆಯೂ 2025ರ ಜುಲೈ 1ರಿಂದ ಬಂದಿದೆ. ಅಕ್ಕಿ ತೂಗುವ ತಕ್ಕಡಿಗೆ ಮುದ್ರೆ ಕೇಳುವ ನಾವು ವೇಗ ತೂಗುವ ಯಂತ್ರಕ್ಕೂ ಅದನ್ನು ಕೇಳಬಹುದು.

ಯಂತ್ರವಿಲ್ಲದೆ ಬರಿಗಣ್ಣಿನಿಂದ ಕಂಡು ವೇಗ ಹೆಚ್ಚಿತ್ತೆಂದು ಅಧಿಕಾರಿ ಬರೆದಿದ್ದರೆ ಕಾಯಿದೆಯ 183ನೆಯ ಕಲಮೇ ಅಡ್ಡ ನಿಲ್ಲುತ್ತದೆ. ಒಬ್ಬನೇ ಸಾಕ್ಷಿಯ ಅಭಿಪ್ರಾಯವನ್ನು ನೆಚ್ಚಿ, ಯಾಂತ್ರಿಕ ಅಥವಾ ವಿದ್ಯುನ್ಮಾನ ಉಪಕರಣದ ಆಧಾರವಿಲ್ಲದೆ, ಯಾರನ್ನೂ ವೇಗದ ಅಪರಾಧಕ್ಕೆ ಶಿಕ್ಷಿಸುವಂತಿಲ್ಲ.

ಬೈಕು ಬೇರೆಯವರ ಕೈಯಲ್ಲಿತ್ತು ಎನ್ನುವವರು ಸ್ವಲ್ಪ ನಿಂತು ಯೋಚಿಸಬೇಕು. ಓಡಿಸಿದವನ ಹೆಸರು, ಪರವಾನಗಿಯ ವಿವರ ಕೊಡುವುದು 133ನೆಯ ಕಲಮಿನಂತೆ ಒಡೆಯನ ಕರ್ತವ್ಯ. ಓಡಿಸಿದವನು ಹದಿನೆಂಟು ತುಂಬದ ಮಗನಾಗಿದ್ದರಂತೂ ಮಾತು ವೇಗವನ್ನು ದಾಟಿ 199ಎ ಕಲಮಿಗೆ ಹೋಗುತ್ತದೆ: ಹೆತ್ತವರಿಗೆ ಅಥವಾ ಒಡೆಯನಿಗೆ ಮೂರು ವರ್ಷದವರೆಗೆ ಸೆರೆ, 25,000 ರೂಪಾಯಿ ದಂಡ, ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದು, ಹುಡುಗನಿಗೆ 25 ವರ್ಷದವರೆಗೆ ಪರವಾನಗಿಯಿಲ್ಲ. ಟ್ಯೂಷನ್ನಿಗೆ ಹೋಗಲೆಂದು ಬೈಕಿನ ಕೀಲಿಕೈ ಕೊಡುವ ಮನೆಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಲೇಸು.

ನ್ಯಾಯಾಲಯವೆಂದೊಡನೆ ಸೆರೆಮನೆಯ ಭಯ ಬೇಡ. ಲಘು ವಾಹನದ ವೇಗದ ಅಪರಾಧಕ್ಕೆ ಕಾಯಿದೆಯ ಶಿಕ್ಷೆ 1,000ದಿಂದ 2,000 ರೂಪಾಯಿಯ ದಂಡ ಮಾತ್ರ. ಕೇರಳದಲ್ಲಿ ರಾಜಿಯ ಮೊತ್ತ 1,500. ಸೋತರೆ ಹೆಚ್ಚುವುದು ಐನೂರು. ನಿಜವಾದ ವೆಚ್ಚ ಬೇರೆಡೆ ಇದೆ: ಕಲಾಪಕ್ಕೆ ಹೋದ ದಿನದ ಕೂಲಿ, ಬಸ್ಸಿನ ಖರ್ಚು, ವಕೀಲರ ಶುಲ್ಕ. ವೇಗ ಮೀರಿದ್ದು ನಿಜವಾಗಿದ್ದರೆ ಸೆಣಸಾಡದೆ ಕಟ್ಟಿಬಿಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಚಿತ್ರದಲ್ಲಿರುವುದು ಬೇರೆ ಬೈಕು, ಮಾರಿದ ವಾಹನ, ಅಳತೆಯೇ ಕಾಣದ ನೋಟಿಸು ಇಂಥ ಸಂದರ್ಭಗಳಲ್ಲಿ ಮಾತ್ರ ಹೋರಾಟಕ್ಕೆ ಅರ್ಥವಿದೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಕಡಿಮೆ ಆದಾಯದ ಇತರರಿಗೂ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಡಿ ಉಚಿತ ವಕೀಲರ ನೆರವು ಸಿಗುತ್ತದೆ. ತಲಪಾಡಿ ದಾಟಿ ಮಂಗಳೂರಿನಲ್ಲಿ ಬಿದ್ದ ದಂಡವಾದರೆ ಪ್ರಕರಣ ಅಲ್ಲಿಯ ನ್ಯಾಯಾಲಯದ್ದು, ಕೆಎಲ್ 14 ಎಂಬ ಫಲಕ ಅದನ್ನು ಕಾಸರಗೋಡಿಗೆ ಎಳೆದು ತರುವುದಿಲ್ಲ.

ಇನ್ನು ಭಾಷೆ. ನಾವು ಈ ವಿಷಯವನ್ನು ಎತ್ತಿಕೊಂಡದ್ದು ಮುಖ್ಯವಾಗಿ ಇದಕ್ಕಾಗಿಯೇ. ಕುಂದುಕೊರತೆಯ ಮನವಿಯನ್ನು ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೂ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸ್ಥಳೀಯ ಕಚೇರಿಗಳೊಡನೆ ಕನ್ನಡಿಗರು ಕನ್ನಡದಲ್ಲಿ ವ್ಯವಹರಿಸಬಹುದೆಂದೂ ಉತ್ತರ ಕನ್ನಡದಲ್ಲೇ ಬರಬೇಕೆಂದೂ ಒಪ್ಪಿಕೊಂಡಿದೆ. ಹಾಗಾಗಿ ಚಿತ್ರದ ಪ್ರತಿ, ಉಪಕರಣದ ಪ್ರಮಾಣಪತ್ರ ಬೇಕೆಂಬ ಅರ್ಜಿಯನ್ನು ಕನ್ನಡದಲ್ಲೇ ಬರೆದು, ಸ್ವೀಕೃತಿಯ ಮುದ್ರೆ ಪಡೆದು ಇಟ್ಟುಕೊಳ್ಳಬೇಕು. ನ್ಯಾಯಾಲಯದೊಳಗಿನ ನಿಯಮ ಬೇರೆ. ಅಲ್ಲಿಯ ಭಾಷೆಯನ್ನು ನಿರ್ಧರಿಸುವುದು ರಾಜ್ಯ ಸರಕಾರ. ಆದರೆ ಆರೋಪಿ ಎದುರಿಗಿದ್ದು, ಸಾಕ್ಷಿ ನುಡಿದದ್ದು ಅವನಿಗೆ ತಿಳಿಯದ ಭಾಷೆಯಾಗಿದ್ದರೆ, ಅದನ್ನು ಅವನಿಗೆ ತಿಳಿಯುವ ಭಾಷೆಗೆ ತೆರೆದ ನ್ಯಾಯಾಲಯದಲ್ಲೇ ಅನುವಾದಿಸಿ ಹೇಳಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 314ನೆಯ ಕಲಮು ಹೇಳುತ್ತದೆ. ಕೇಳದಿದ್ದರೆ ಇದು ತಾನಾಗಿ ದೊರೆಯುವುದು ಅಪರೂಪ. ಸಂಕೋಚದಿಂದ ತಲೆಯಾಡಿಸಿದರೆ ಅರ್ಥವಾಯಿತೆಂದೇ ದಾಖಲಾಗಬಹುದು.

ಸಂದೇಶದಲ್ಲಿ ಬಂದ ಕೊಂಡಿಯನ್ನು ಒತ್ತುವುದಕ್ಕೆ ಮುನ್ನ ಮತ್ತೊಂದು ಎಚ್ಚರ. ಸರಕಾರದ ಹೆಸರಿನಲ್ಲಿ ಸುಳ್ಳು ದಂಡದ ಸಂದೇಶ ಕಳುಹಿಸಿ ಬ್ಯಾಂಕಿನ ಖಾತೆ ಬರಿದು ಮಾಡುವ ವಂಚಕರು ಹೆಚ್ಚಿದ್ದಾರೆ. ಪರಿವಹನ್ ಜಾಲತಾಣದಲ್ಲಿ ವಾಹನದ ಸಂಖ್ಯೆ ಹಾಕಿ ನೋಡಿದಾಗ ಆ ದಂಡ ಅಲ್ಲಿ ಕಾಣದಿದ್ದರೆ ಕೊಂಡಿಯನ್ನು ಮುಟ್ಟಬಾರದು. ಕಂಡರೆ ನೋಟಿಸಿನ ಅವಧಿಯನ್ನು ಮೊದಲು ಓದಿಕೊಳ್ಳಬೇಕು. ಆಕ್ಷೇಪವನ್ನು ಆ ದಿನಾಂಕದೊಳಗೇ ಸಲ್ಲಿಸಬೇಕು. ಓದಿ ಹೇಳುವ ಮಗುವಿಗೂ ಮೊತ್ತಕ್ಕಿಂತ ಮುಂಚೆ ಆ ದಿನಾಂಕವನ್ನು ಓದೆಂದು ಹೇಳಿಕೊಡಬೇಕು.